ಮೊದಲ ವಾರದ ಕಾಗದಪತ್ರ, ಭಾನುವಾರದ ಬೇಜಾರು ಮತ್ತೆ ಹಲಸಿನ ಹಪ್ಪಳ

ಪ್ರಶ್ನೆ: ನಾನು ಕುಮಟಾದವನು. ಮಾಸ್ಟರ್ಸ್ ಮಾಡೋಕೆ ಜರ್ಮನಿಯ ಡ್ರೆಸ್ಡೆನ್‌ಗೆ ಬಂದು ಒಂದು ವಾರ ಆಯ್ತು. ರೂಮ್ ಸಿಕ್ಕಿದೆ. ಆದ್ರೆ ಸಿಟಿ ಆಫೀಸು, ಬ್ಯಾಂಕು, ಇನ್ಶೂರೆನ್ಸು, ಯೂನಿವರ್ಸಿಟಿ ಎಲ್ಲ ಒಟ್ಟಿಗೇ ಮೇಲೆ ಬಿದ್ದಿದೆ, ಯಾವುದು ಮೊದ್ಲು ಅಂತ್ಲೇ ಗೊತ್ತಾಗ್ತಿಲ್ಲ. ಮೊನ್ನೆ ಭಾನುವಾರ ಇಡೀ ಊರೇ ಬಾಗಿಲು ಹಾಕ್ಕೊಂಡಿತ್ತು, ಅಕ್ಕಿ ತರೋಕೂ ಅಂಗಡಿ ಇಲ್ಲ. ರಾತ್ರಿ ಅಮ್ಮನ ವಿಡಿಯೋ ಕಾಲ್ ಆನ್ ಇಟ್ಕೊಂಡೇ ಮಲಗ್ತೇನೆ. ವಾಪಸ್ ಬಂದ್ಬಿಡ್ಲಾ? (ಹೆಸರು ಬೇಡ)

ಉತ್ತರ: ವಾಪಸ್ ಬರೋ ವಿಚಾರ ಈ ವಾರ ಮುಟ್ಟೋದೇ ಬೇಡ ತಮ್ಮಾ. ನಿದ್ದೆ ಸರಿ ಇಲ್ಲ, ಊಟ ಸರಿ ಇಲ್ಲ, ಅಂಥಾ ಹೊತ್ತಲ್ಲಿ ಇಷ್ಟು ದೊಡ್ಡದನ್ನ ತೀರ್ಮಾನ ಮಾಡ್ಬಾರ್ದು. ಮೊದ್ಲು ಕಾಗದಪತ್ರ ನೋಡೋಣ, ಯಾಕಂದ್ರೆ ನಿನ್ನ ಪತ್ರ ಓದಿದ್ರೆ ಅರ್ಧ ಭಯ ಅಲ್ಲೇ ಇದೆ ಅನ್ನಿಸ್ತು.

ಎಲ್ಲದಕ್ಕಿಂತ ಮೊದ್ಲು ಅಡ್ರೆಸ್ ನೋಂದಣಿ, ಅಲ್ಲಿಯವರು ಅನ್‌ಮೆಲ್ಡುಂಗ್ ಅಂತಾರಲ್ಲ ಅದು. ರೂಮಿಗೆ ಹೋಗಿ ಸೇರಿದ 14 ದಿನದೊಳಗೆ ಮಾಡ್ಬೇಕು ಅನ್ನೋದು ಕಾನೂನು. ಅದಕ್ಕೆ ಪಾಸ್‌ಪೋರ್ಟ್ ಜೊತೆ ಮನೆ ಓನರ್ ಸಹಿ ಮಾಡಿಕೊಟ್ಟ ಬೇರೆಯದೇ ಒಂದು ಫಾರ್ಮ್ ಬೇಕು, ಬಾಡಿಗೆ ಕರಾರು ಒಂದೇ ತಗೊಂಡು ಹೋದ್ರೆ ಸಾಲಲ್ಲ, ಸುಮಾರು ಮಕ್ಕಳು ಇಲ್ಲೇ ಎಡವಿ ಮತ್ತೆ ಸ್ಲಾಟ್ ಹುಡುಕ್ತಾ ಕೂರ್ತಾರೆ, ಹಂಗಾಗಿ ಇವತ್ತೇ ಓನರ್‌ಗೆ ಕೇಳು. ಅಪಾಯಿಂಟ್‌ಮೆಂಟ್ ತಡವಾಗಿ ಸಿಕ್ಕಿದ್ರೆ ಗಾಬರಿ ಬೇಡ, ಬುಕ್ ಮಾಡಿದ ಈಮೇಲ್ ಜೋಪಾನ ಇಟ್ಕೋ. ಈ ನೋಂದಣಿ ಚೀಟಿ ಕೈಗೆ ಬಂದ್ರೆ ಬಾಕಿಯದ್ದು ಒಂದೊಂದಾಗಿ ತೆರ್ಕೊಳ್ತದೆ. ಬ್ಯಾಂಕ್ ಅಕೌಂಟಿಗೆ ಹೆಚ್ಚಾಗಿ ಅದನ್ನೇ ಕೇಳ್ತಾರೆ, ಬ್ಯಾಂಕ್ ಅಕೌಂಟ್ ಆದ್ಮೇಲೆ ವೀಸಾಕ್ಕೆ ಅಂತ ವರ್ಷದ ಖರ್ಚು ಮೊದ್ಲೇ ಹಾಕಿಟ್ಟ ನಿನ್ನ ಬ್ಲಾಕ್ಡ್ ಅಕೌಂಟಿಂದ ತಿಂಗಳ ದುಡ್ಡು ಬರೋಕೆ ಶುರು ಆಗ್ತದೆ, ಟ್ಯಾಕ್ಸ್ ನಂಬರ್ ಪೋಸ್ಟಲ್ಲಿ ಅದೇ ಅಡ್ರೆಸ್ಸಿಗೆ ಬರ್ತದೆ. ವೀಸಾದ ಮೇಲಿರೋ ಕೊನೇ ತಾರೀಕು ಒಮ್ಮೆ ನೋಡು, ಅದು ಮುಗಿಯೋದ್ರೊಳಗೆ ವಿದೇಶಿಯರ ಕಚೇರಿಗೆ ರೆಸಿಡೆನ್ಸ್ ಪರ್ಮಿಟ್ ಅರ್ಜಿ ಹೋಗಿರ್ಬೇಕು.

ಪೋಸ್ಟ್ ಅಂದ್ಮೇಲೆ ನೆನಪಾಯ್ತು, ಇದನ್ನ ಯಾರೂ ಹೇಳಿಕೊಡಲ್ಲ. ನಮ್ಮ ಕಡೆ ಕೇರಿ ಹೆಸರು, ಅಪ್ಪನ ಹೆಸರು ಬರೆದ್ರೂ ಪೋಸ್ಟ್‌ಮ್ಯಾನ್ ಮನೆ ಹುಡುಕಿ ತಂದು ಕೊಡ್ತಾನೆ. ಅಲ್ಲಿ ಅಪಾರ್ಟ್‌ಮೆಂಟಲ್ಲಿ ಮನೆ ನಂಬರ್ ಅನ್ನೋದೇ ಹೆಚ್ಚಾಗಿ ಇರಲ್ಲ, ಟಪಾಲು ಡಬ್ಬಿ ಮೇಲಿರೋ ಹೆಸರು ನೋಡಿ ಹಾಕ್ತಾರೆ, ನಿನ್ನ ಹೆಸರು ಇಲ್ಲ ಅಂದ್ರೆ ಬ್ಯಾಂಕ್ ಕಾರ್ಡು, ಇನ್ಶೂರೆನ್ಸ್ ಕಾರ್ಡು ಎಲ್ಲ ವಾಪಸ್ ಹೋಗ್ತದೆ. ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಹೆಸರು ಬರೆದು ಡಬ್ಬಿಗೂ ಬೆಲ್ಲಿಗೂ ಇವತ್ತೇ ಅಂಟಿಸು.

ಯೂನಿವರ್ಸಿಟಿ ಬಗ್ಗೆ ಒಂದೇ ಮಾತು. ಅಲ್ಲಿ ಲೆಕ್ಚರಿಗೆ ಹೆಚ್ಚಾಗಿ ಹಾಜರಿ ಹಿಡಿಯಲ್ಲ, ಆದ್ರೆ ಪರೀಕ್ಷೆಗೆ ನೀನೇ ಬೇರೆಯಾಗಿ ಆನ್‌ಲೈನಲ್ಲಿ ರಿಜಿಸ್ಟರ್ ಆಗ್ಬೇಕು. ಆ ತಾರೀಕು ತಪ್ಪಿದ್ರೆ ಎಷ್ಟು ಓದಿದ್ರೂ ಸಾಮಾನ್ಯವಾಗಿ ಕೂರೋಕೆ ಬಿಡಲ್ಲ. ಈಗ್ಲೇ ಕ್ಯಾಲೆಂಡರಲ್ಲಿ ಹಾಕ್ಕೋ.

ಇನ್ನು ಮನಸ್ಸಿಂದು. ಇದೇ ನನಗೆ ಹೆಚ್ಚು ಹೇಳ್ಬೇಕಾಗಿರೋದು. ನೀನು ರಾತ್ರಿ ಹನ್ನೊಂದಕ್ಕೆ ಫೋನ್ ಪಕ್ಕಕ್ಕಿಟ್ಕೊಂಡು ಮಲಗುವಾಗ ಕುಮಟಾದಲ್ಲಿ ಎರಡೂವರೆ ಗಂಟೆ. ನಿನ್ನಮ್ಮ ನಿದ್ದೆ ಬಿಟ್ಟು ಕೂತಿರ್ತಾರೆ, ಮಗನ ಮುಖ ಸಪ್ಪಗಿರೋದನ್ನ ನೋಡ್ತಾ, ಬೆಳಿಗ್ಗೆ ಎದ್ದು ಮತ್ತೆ ಮನೆಕೆಲಸ. ಅವ್ರು ಬೇಡ ಅನ್ನಲ್ಲ, ನೀನೇ ನಿಲ್ಲಿಸ್ಬೇಕು. ದಿನಾ ಒಂದು ಹೊತ್ತು ಗೊತ್ತು ಮಾಡ್ಕೋ, ಅಲ್ಲಿ ಸಂಜೆ ಐದಕ್ಕೆ ಮಾಡಿದ್ರೆ ಇಲ್ಲಿ ಎಂಟೂವರೆ, ಊಟದ ಹೊತ್ತು, ಅಪ್ಪನೂ ಸಿಗ್ತಾರೆ. ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗ್ತದೆ, ಆಮೇಲೆ ಮೂರೂವರೆ ಇದ್ದಿದ್ದು ನಾಲ್ಕೂವರೆ ಗಂಟೆ ವ್ಯತ್ಯಾಸ, ಆಗ ನಾಲ್ಕಕ್ಕೇ ಮಾಡು. ಡಿಸೆಂಬರಲ್ಲಿ ಅಷ್ಟೊತ್ತಿಗೆ ಅಲ್ಲಿ ಕತ್ತಲಾಗ್ತಾ ಇರ್ತದೆ, ಕಡಲ ದಂಡೇಲಿ ಬಿಸಿಲು ಕಂಡ ಮಕ್ಕಳಿಗೆ ಅದು ಬಹಳ ಹೊಡೀತದೆ, ಅದಕ್ಕೇ ಮಧ್ಯಾಹ್ನ ಬೆಳಕಿದ್ದಾಗ ಹೊರಗೆ ನಡೆಯೋ ಅಭ್ಯಾಸ ಈಗಿಂದ್ಲೇ ಮಾಡು, ಎಲ್ಬ್ ನದಿ ದಂಡೆ ಇದೆಯಲ್ಲ.

ಭಾನುವಾರ ಅಂಗಡಿ ಮುಚ್ಚೋದು ಆ ದೇಶದ ಪದ್ಧತಿ, ಶನಿವಾರವೇ ಅಕ್ಕಿ ಬೇಳೆ ತಂದಿಟ್ಕೋ, ತೀರಾ ಬೇಕಂದ್ರೆ ದೊಡ್ಡ ರೈಲ್ವೆ ಸ್ಟೇಷನ್ನಿನ ಅಂಗಡಿ ತೆಗೆದಿರ್ತದೆ. ಮತ್ತೆ ಭಾನುವಾರ ಒಬ್ಬನೇ ಉಣ್ಬೇಡ. ಸಾರು ಮಾಡಿ ಪಕ್ಕದ ರೂಮಿನವರನ್ನ ಕರಿ, ಅವ್ರು ಯಾವ ದೇಶದವ್ರೇ ಆಗಿರ್ಲಿ. ಭಾಷೆ ಬರಲ್ಲ ಅಂತ ಹಿಂಜರೀಬೇಡ, ಕಾರವಾರದಿಂದ ಭಟ್ಕಳದ ತನಕ ಒಂದೇ ಸಂತೇಲಿ ಕನ್ನಡ, ಕೊಂಕಣಿ, ಉರ್ದು, ಮರಾಠಿ ಕೇಳ್ತಾ ಬೆಳೆದ ಜನ ನಾವು, ಅರ್ಧಂಬರ್ಧ ಮಾತಾಡಿ ಕೆಲಸ ಮಾಡ್ಕೊಳ್ಳೋದು ನಮಗೆ ಹೊಸದಲ್ಲ. ಬೇಕರೀಲಿ ಜರ್ಮನ್ನಲ್ಲೇ ಕೇಳು, ತಪ್ಪಾದ್ರೆ ಆಗ್ಲಿ.

ಇಷ್ಟು ಮಾಡಿನೂ ಎರಡು ಮೂರು ವಾರ ನಿದ್ದೆ ಬರಲಿಲ್ಲ, ಕ್ಲಾಸಿಗೆ ಹೋಗೋಕೇ ಆಗ್ತಿಲ್ಲ ಅಂದ್ರೆ ಅಲ್ಲಿ ವಿದ್ಯಾರ್ಥಿಗಳಿಗೆ ಅಂತ್ಲೇ ಕೌನ್ಸೆಲಿಂಗ್ ಇದೆ, ಹಾಸ್ಟೆಲು ಕ್ಯಾಂಟೀನು ನಡೆಸೋ ಸ್ಟುಡೆಂಟೆನ್‌ವೆರ್ಕಿನವರೇ ಕೊಡ್ತಾರೆ, ಗುಟ್ಟಾಗಿ ಇಡ್ತಾರೆ. ನಾಚಿಕೆ ಪಡೋ ವಿಷಯ ಅಲ್ವೇ ಅಲ್ಲ. ಜೀವಕ್ಕೇ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದ್ರೆ ಕಾಯ್ಬೇಡ, 112ಕ್ಕೆ ಫೋನ್ ಮಾಡು. ಸೆಮಿಸ್ಟರ್ ಮುಗಿದ್ಮೇಲೂ ವಾಪಸ್ ಬರ್ಬೇಕು ಅನ್ನಿಸಿದ್ರೆ ಆಗ ಮತ್ತೆ ಬರಿ, ಕೂತು ಮಾತಾಡೋಣ, ಬರೋದೂ ತಪ್ಪಲ್ಲ.

ಪ್ರಶ್ನೆ: ಮಗಳು ಜರ್ಮನಿಯಲ್ಲಿ ಓದ್ತಿದ್ದಾಳೆ. ತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಪಾರ್ಸೆಲ್ ಕಳಿಸ್ಬಹುದಾ? ಮತ್ತೆ ಅವಳಿಗೆ ಪರೀಕ್ಷೇಲಿ 1.3 ಬಂದಿದೆಯಂತೆ, ಇಷ್ಟು ಕಮ್ಮಿನಾ? (ಒಬ್ಬ ತಾಯಿ, ಶಿರಸಿ)

ಉತ್ತರ: ಅಕ್ಕಾ, ಮೊದ್ಲು ಸಿಹಿ ಸುದ್ದಿ. ಅಲ್ಲಿ 1.0 ಅಂದ್ರೆ ಎಲ್ಲಕ್ಕಿಂತ ಮೇಲೆ, 4.0 ಬಂದ್ರೆ ಪಾಸು. 1.3 ಅಂದ್ರೆ ಬಹಳ ಒಳ್ಳೇದು, ಇವತ್ತೇ ಫೋನ್ ಮಾಡಿ ಖುಷಿ ಹೇಳಿ.

ತುಪ್ಪ ಕಳಿಸ್ಬೇಡಿ. ಯುರೋಪಿಯನ್ ಯೂನಿಯನ್ನಿಗೆ ಹೊರಗಿಂದ ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ, ಪೇಡೆಗೂ ಅದೇ ಕಥೆ, ಸಿಕ್ಕಿದ್ರೆ ಬಿಸಾಡ್ತಾರೆ. ಹಸಿ ಕರಿಬೇವೂ ಬೇಡ. ಹಪ್ಪಳ, ಉಪ್ಪಿನಕಾಯಿ ಧಾರಾಳ ಕಳಿಸಿ, ಉಪ್ಪಿನಕಾಯಿ ರಸ ಸೋರದ ಹಾಗೆ ಎರಡು ಮೂರು ಕವರ್ ಹಾಕಿ ಗಟ್ಟಿ ಪ್ಯಾಕ್ ಮಾಡಿ. ತೆಂಗಿನಕಾಯಿಗೆ ಮಾತ್ರ ವಿನಾಯಿತಿ ಇದೆ, ಬೇರೆ ಹಣ್ಣು ಕಾಯಿಗೆ ಕೇಳೋ ಸರ್ಟಿಫಿಕೇಟ್ ಅದಕ್ಕೆ ಬೇಡ, ಊರಿಗೆ ಬಂದು ಹೋಗೋವಾಗ ಎರಡು ಕಾಯಿ ಬ್ಯಾಗಲ್ಲಿ ಇಟ್ಟು ಕಳಿಸಿ. ಮನೆಯವರು ಕಳಿಸೋ ಗಿಫ್ಟ್ 45 ಯೂರೋ ಒಳಗಿದ್ರೆ ಸುಂಕ ಇಲ್ಲ, ಅದಕ್ಕೆ ಡಬ್ಬಿ ಮೇಲೆ ಒಳಗೇನಿದೆ, ಬೆಲೆ ಎಷ್ಟು ಅಂತ ಇದ್ದದ್ದು ಇದ್ದ ಹಾಗೆ ಬರೀರಿ.

ಪ್ರಶ್ನೆ: ಅಲ್ಲಿ ಫೀ ಇಲ್ವಂತೆ, ಪಾರ್ಟ್‌ಟೈಮ್ ದುಡಿದೇ ಎಲ್ಲ ನಡೆಸ್ಬಹುದಾ? ಅಪ್ಪ ಸಾಲ ಮಾಡೋದು ನನಗಿಷ್ಟ ಇಲ್ಲ. (ವಿದ್ಯಾರ್ಥಿ, ಅಂಕೋಲಾ)

ಉತ್ತರ: ಅಪ್ಪನ ಬಗ್ಗೆ ಯೋಚನೆ ಮಾಡಿದ್ದು ಓದಿ ಸಂತೋಷ ಆಯ್ತು. ಆದ್ರೆ ಬರೀ ದುಡಿಮೆ ನಂಬಿ ವಿಮಾನ ಹತ್ತೋದು ಬೇಡ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀ ಇಲ್ಲ ಅನ್ನೋದು ನಿಜ, ಆದ್ರೂ ಬಾಡೆನ್ ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥವ್ರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ವೀಸಾಕ್ಕೇ ಬ್ಲಾಕ್ಡ್ ಅಕೌಂಟಲ್ಲಿ ವರ್ಷದ ಖರ್ಚು ತೋರಿಸ್ಬೇಕು, 2024ರ ಸೆಪ್ಟೆಂಬರಿಂದ ಅದು 11,904 ಯೂರೋ, ಅಂದ್ರೆ ತಿಂಗಳಿಗೆ 992. ವರ್ಷಕ್ಕೆ 140 ಪೂರ್ತಿ ದಿನ ಇಲ್ಲಾ 280 ಅರ್ಧ ದಿನ ಕೆಲಸ ಮಾಡ್ಬಹುದು, ಆದ್ರೆ ಭಾಷೆ ಬರದೆ ಮೊದ್ಲ ಸೆಮಿಸ್ಟರಲ್ಲಿ ಕೆಲಸ ಸಿಗೋದು ಕಷ್ಟ. ಮೊದ್ಲ ವರ್ಷದ ದುಡ್ಡಿಗೆ ಇಲ್ಲೇ ದಾರಿ ಮಾಡ್ಕೋ, ಹೋಗೋಕೆ ಮುಂಚೆ ಇಲ್ಲೇ ಜರ್ಮನ್ ಎ2, ಅಂದ್ರೆ ಎರಡನೇ ಹಂತದ ತನಕ ಕಲಿ, ದುಡಿದದ್ದನ್ನ ಎರಡನೇ ವರ್ಷಕ್ಕೆ ಕೂಡಿಸು. ಅಪ್ಪನ ಜೊತೆ ಕೂತು ಈ ಲೆಕ್ಕ ಒಂದು ಹಾಳೇಲಿ ಬರೆದು ನೋಡು, ಬ್ಯಾಂಕಿಗೆ ಹೋಗೋದು ಅದಾದ್ಮೇಲೆ.