ಓದುಗರ ಪ್ರಶ್ನೆ: ಮುತ್ತಜ್ಜನ ಹತ್ತಿ ಹೊಲದ ಚರಿತ್ರೆ

ಪ್ರಶ್ನೆ: ನಮ್ಮದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಮುತ್ತಜ್ಜನ ಕಾಲದಿಂದ ಬಂದ ಖುಷ್ಕಿ ಜಮೀನಿನಲ್ಲಿ ಹಿಂದೆ ಹತ್ತಿಯೇ ಮುಖ್ಯ ಬೆಳೆಯಾಗಿತ್ತಂತೆ. ಈಗ ಮೆಕ್ಕೆಜೋಳ ಮತ್ತು ಅಡಿಕೆ ಇವೆ. ‘ಅಮೆರಿಕದ ಯುದ್ಧದ ಕಾಲದಲ್ಲಿ ಹತ್ತಿ ಮಾರಿದ ದುಡ್ಡಿನಿಂದ ಈ ಮನೆ ಎದ್ದಿತು’ ಎಂದು ಹಿರಿಯರು ಹೇಳುತ್ತಿದ್ದರು. ಇದು ನಿಜವಿರಬಹುದೇ? ಮಲೆನಾಡಿನಲ್ಲಿ ಹತ್ತಿಯೇ ಎಂದು ನಗುವವರಿಗೆ ಏನು ಹೇಳಲಿ? ಜಮೀನಿನ ಚರಿತ್ರೆಯನ್ನು ಮಕ್ಕಳಿಗಾಗಿ ಬರೆದಿಡಲು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಗುವವರು ಶಿವಮೊಗ್ಗ ಜಿಲ್ಲೆಯೆಂದರೆ ಆಗುಂಬೆ ಎಂದುಕೊಂಡಿರುತ್ತಾರೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಹತ್ತಿಯ ಕಾಯಿ ಒಡೆಯುವ ಮೊದಲೇ ಕೊಳೆತುಹೋದೀತು. ಆದರೆ ಘಟ್ಟದ ಅಂಚಿನಿಂದ ಪೂರ್ವಕ್ಕೆ ಬಂದಂತೆ ಮಳೆ ಬೇಗನೆ ಇಳಿಯುತ್ತದೆ, ಜಂಬಿಟ್ಟಿಗೆಯ ಕೆಂಪು ನೆಲ ಹಿಂದೆ ಸರಿದು ಅಲ್ಲಲ್ಲಿ ಎರೆಭೂಮಿ ಕಾಣಿಸಿಕೊಳ್ಳುತ್ತದೆ. ಶಿಕಾರಿಪುರದ ಪೂರ್ವಭಾಗ ಮತ್ತು ಹೊನ್ನಾಳಿಯ ಕಡೆಯ ಅರೆಮಲೆನಾಡು ಇಂಥ ನೆಲ. ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವವರೆಗೂ ಶಿವಮೊಗ್ಗಕ್ಕೇ ಸೇರಿದ್ದವು ಎಂಬುದನ್ನು ಮರೆಯಬಾರದು. ಈ ಸೀಮೆಯ ರೈತರಿಗೆ ರಾಣೆಬೆನ್ನೂರು, ದಾವಣಗೆರೆ, ಹುಬ್ಬಳ್ಳಿಯ ಅರಳೆ ಪೇಟೆಗಳು ತೀರ್ಥಹಳ್ಳಿಗಿಂತ ಹೆಚ್ಚು ಪರಿಚಿತವಾಗಿದ್ದವು.

ಇನ್ನು ಅಮೆರಿಕದ ಯುದ್ಧದ ಮಾತು. ಅಲ್ಲಿಯ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ದಕ್ಷಿಣದ ರಾಜ್ಯಗಳ ಬಂದರುಗಳನ್ನು ಉತ್ತರದವರು ಮುಚ್ಚಿದ್ದರಿಂದ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು, ಮುಂಬಯಿಯಲ್ಲಿ ಬೆಲೆ ಹಲವು ಪಟ್ಟು ಏರಿತು, ಧಾರವಾಡ ಸೀಮೆಯ ರೈತರ ಕೈಯಲ್ಲಿ ಹಿಂದೆಂದೂ ಕಾಣದಷ್ಟು ಹಣ ಓಡಾಡಿತು. ಯುದ್ಧ ಮುಗಿದೊಡನೆ ಬೆಲೆ ಕುಸಿದು, 1865ರಲ್ಲಿ ಮುಂಬಯಿಯ ಷೇರು ವ್ಯವಹಾರವೂ ನೆಲಕಚ್ಚಿತು. ಆದ್ದರಿಂದ ನಿಮ್ಮ ಹಿರಿಯರ ಮಾತು ಅಸಂಭವವೇನಲ್ಲ; ಆದರೆ ಆ ಲಾಭದ ಅವಧಿ ಬಹಳ ಚಿಕ್ಕದು. ಅಲ್ಲದೆ ಈಸ್ಟ್ ಇಂಡಿಯಾ ಕಂಪನಿಯು 1840ರ ದಶಕದಲ್ಲಿ ಅಮೆರಿಕದಿಂದ ಬೀಜವನ್ನೂ ಬೇಸಾಯ ಬಲ್ಲವರನ್ನೂ ಕರೆಸಿ ಧಾರವಾಡದ ಸುತ್ತ ಬೆಳೆಸಿದ ತಳಿಗೆ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿತ್ತು. ಅಮೆರಿಕದ ಬೀಜದ ನೆನಪು ಎರಡು ತಲೆಮಾರು ದಾಟುವಷ್ಟರಲ್ಲಿ ಅಮೆರಿಕದ ಯುದ್ಧದ ಕಥೆಯಾಗಿ ಮಾರ್ಪಟ್ಟಿರುವ ಸಾಧ್ಯತೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಇದನ್ನು ಪರೀಕ್ಷಿಸಲು ಮೊದಲು ಮನೆಯನ್ನೇ ನೋಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ. ಮಾಡಿನ ಕಟ್ಟಣವೇ ಮಂಗಳೂರು ಹಂಚಿನ ಅಳತೆಗೆ ಹೊಂದಿದ್ದರೆ ಮನೆ ಯುದ್ಧದ ನಂತರದ್ದೆಂದು ಊಹಿಸಬಹುದು. ನಾಡಹಂಚನ್ನು ತೆಗೆದು ಆಮೇಲೆ ಮಂಗಳೂರು ಹಂಚು ಹೊದಿಸಿದ ಮನೆಗಳೇ ನಮ್ಮಲ್ಲಿ ಬಹಳ. ಆದ್ದರಿಂದ ರೀಪುಗಳ ಅಂತರವನ್ನೂ ಹಳೆಯ ತೊಲೆಗಳಲ್ಲಿ ಉಳಿದ ಕಚ್ಚುಗಳನ್ನೂ ಅನುಭವಸ್ಥ ಬಡಗಿಯೊಬ್ಬರಿಗೆ ತೋರಿಸುವುದು ಒಳ್ಳೆಯದು.

ದಾಖಲೆಗಳ ವಿಷಯದಲ್ಲಿ ಆತುರ ಬೇಡ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ 1863ರಲ್ಲಿ ಆರಂಭವಾಗಿ ತಾಲ್ಲೂಕಿನಿಂದ ತಾಲ್ಲೂಕಿಗೆ ದಶಕಗಳ ಕಾಲ ಸಾಗಿತು. ಹೀಗಾಗಿ ನಿಮ್ಮ ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ-ಕಂದಾಯದ ಪಟ್ಟಿ)ಗಳು ಯುದ್ಧದ ವರ್ಷಗಳ ಸಾಕ್ಷಿ ಹೇಳಲಾರವು, ಅದರ ನಂತರದ ವಿಸ್ತೀರ್ಣ ಮತ್ತು ಕಂದಾಯವನ್ನು ಹೇಳುತ್ತವೆ. ಬೆಳೆಯ ಚರಿತ್ರೆ ಇರುವುದು ಕೈಬರಹದ ಪಹಣಿಯಲ್ಲಿ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳು ಗಣಕೀಕೃತವಾಗುವ ಮೊದಲಿನ ಪುಸ್ತಕಗಳ ನಕಲಿಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಅರ್ಜಿ ಕೊಡಿ. ಎಲ್ಲರೂ 9ನೆಯ ಕಲಮಿನಲ್ಲಿರುವ ಮಾಲೀಕರ ಹೆಸರು ನೋಡಿ ಕಾಗದ ಮಡಚುತ್ತಾರೆ. ನಿಮಗೆ ಬೇಕಾದದ್ದು ಸಾಗುವಳಿದಾರನನ್ನೂ ಬೆಳೆಯನ್ನೂ ನಮೂದಿಸುವ 12ನೆಯ ಕಲಮು. ಹೊಲಕ್ಕೆ ಕಾಲಿಡದೆ ಹೋದ ವರ್ಷದ ಬೆಳೆಯನ್ನೇ ಮತ್ತೆ ಬರೆದ ಲೆಕ್ಕಗಳೂ ಉಂಟು. ಆದ್ದರಿಂದ ‘ಹತ್ತಿ’ ಎಂಬ ನಮೂದು ಮಾಯವಾದ ವರ್ಷವನ್ನು ಒಂದೆರಡು ವರ್ಷ ಹಿಂದುಮುಂದಾಗಿಯೇ ಓದಬೇಕು. ಉಪನೋಂದಣಿ ಕಚೇರಿಯಲ್ಲಿ ಸಿಗುವ ಭೋಗ್ಯಪತ್ರ, ಕ್ರಯಪತ್ರಗಳಿಂದ ಯಾವ ವರ್ಷ ಸಾಲವಾಯಿತು, ಯಾವಾಗ ತೀರಿತು ಎಂಬುದು ತಿಳಿಯುತ್ತದೆ. ಹಳೆಯ ಸಾಲ ಹಿರೇಕೆರೂರು ಅಥವಾ ರಾಣೆಬೆನ್ನೂರಿನ ದಲಾಲರಲ್ಲಿ ಆಗಿದ್ದರೆ ಹುಡುಕಾಟ ಅಲ್ಲಿಯೂ ನಡೆಯಬೇಕು, ಏಕೆಂದರೆ 1956ರ ನವೆಂಬರ್ 1ರವರೆಗೆ ಅವು ಮುಂಬಯಿ ರಾಜ್ಯದ ಊರುಗಳು. ಅಲ್ಲಿಯ ದಾಖಲೆಗಳ ರೀತಿಯೇ ಬೇರೆಯಾಗಿತ್ತು.

ಹತ್ತಿ ಏಕೆ ಹೋಯಿತು ಎಂಬುದನ್ನು ನೀವು ಕೇಳಿಲ್ಲ, ಆದರೂ ನಿಮ್ಮ ಬರವಣಿಗೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಭಾಗ ಅದೇ ಆಗುತ್ತದೆ ಎಂದು ನನ್ನ ಅನಿಸಿಕೆ. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಎಂಬ ಸಂಕರ ತಳಿ ಬಂದಿತು; ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ರೈತರ ಹೊಲಕ್ಕೆ ತಂದ ಮೊದಲ ಸಂಕರ ತಳಿ ಅದು. ಅದರ ಉದ್ದನೆಯ ಎಳೆಗೆ ಗಿರಣಿಗಳು ಒಳ್ಳೆಯ ಬೆಲೆ ಕೊಟ್ಟವು. ಮುಂದೆ 1981ರಲ್ಲಿ ಜಯಲಕ್ಷ್ಮಿ, ಅಂದರೆ ಡಿಸಿಎಚ್-32, ಬಂದಿತು. ಸಂಕರ ತಳಿಗಳು ಬರುವವರೆಗೆ ರೈತರು ತಮ್ಮದೇ ಹತ್ತಿಕಾಳನ್ನು ಎತ್ತಿಟ್ಟು, ಸಗಣಿ-ಮಣ್ಣಿನಲ್ಲಿ ಉಜ್ಜಿ ಬಿತ್ತುತ್ತಿದ್ದರು. ಸಂಕರ ಬೀಜ ಮರುವರ್ಷ ಅದೇ ಗುಣ ಕೊಡದ ಕಾರಣ ಪ್ರತಿ ಮುಂಗಾರಿಗೂ ಹೊಸ ಬೀಜ ಕೊಳ್ಳಬೇಕಾಯಿತು. ಜೊತೆಗೆ ಗೊಬ್ಬರ, ಕಾಯಿಕೊರಕಕ್ಕೆ ಮತ್ತೆ ಮತ್ತೆ ಔಷಧಿ. ಒಳ್ಳೆಯ ವರ್ಷದಲ್ಲಿ ಸಾಲವೆಲ್ಲ ತೀರಿ ಕೈಯಲ್ಲಿ ಉಳಿಯುತ್ತಿತ್ತು, ಕಾಯಿ ಒಡೆಯುವ ಹೊತ್ತಿಗೆ ಮಳೆ ಹಿಡಿದ ವರ್ಷದಲ್ಲಿ ಎರಡು ವರ್ಷದ ಸಾಲ ಕೂಡಿಕೊಳ್ಳುತ್ತಿತ್ತು. 2002ರಲ್ಲಿ ಕಾಯಿಕೊರಕವನ್ನು ತಡೆಯುವ ಕುಲಾಂತರಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಆದರೆ ಕಡಿಮೆ ಆಳು ಬೇಡುವ, ಕೋಳಿ ಆಹಾರಕ್ಕಾಗಿ ಬೇಡಿಕೆಯಿರುವ ಮೆಕ್ಕೆಜೋಳ ಆ ವೇಳೆಗೆ ನಿಮ್ಮ ಕಡೆಯ ಹೊಲಗಳಲ್ಲಿ ಹರಡತೊಡಗಿತ್ತು. ಕೊಳವೆಬಾವಿ ಕೊರೆಸಿದವರು ಅಡಿಕೆ ನೆಟ್ಟರು.

ಒಂದು ಮಾತು ಸಲಹೆಯಾಗಿ ಹೇಳುತ್ತೇನೆ. ಹತ್ತಿ ಬಿಡಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಪಹಣಿಯ ಯಾವ ಕಲಮಿನಲ್ಲೂ ಅವರಿಲ್ಲ. ಊರಿನಲ್ಲಿ ಆ ಕೆಲಸ ಮಾಡಿದ ಹಿರಿಯ ಹೆಂಗಸರು ಈಗಲೂ ಇದ್ದರೆ ದಾಖಲೆ ಕೊಠಡಿಗಿಂತ ಮೊದಲು ಅವರ ಜಗಲಿಗೆ ಹೋಗಿ, ಕೂಲಿ ತೂಕದ ಮೇಲಿತ್ತೋ ದಿನದ ಮೇಲಿತ್ತೋ, ಹತ್ತಿಯ ಅಂಡಿಗೆ (ಮೂಟೆ) ಯಾರ ಗಾಡಿಯಲ್ಲಿ ಹೋಗುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ. ಹಾಗೆಯೇ ನಿಮ್ಮ ಜಮೀನಿನ ಒಂದು ಭಾಗ ಗೇಣಿಯಲ್ಲಿದ್ದು, ಗೇಣಿ ಪದ್ಧತಿ ಕೊನೆಗೊಂಡ 1974ರ ಮಾರ್ಚ್ 1ರ ನಂತರ ಭೂಸುಧಾರಣಾ ಕಾಯ್ದೆಯ 7ನೆಯ ನಮೂನೆಯ ಅರ್ಜಿಯ ಮೂಲಕ ಉಳುವವರಿಗೆ ಹೋಗಿದ್ದರೆ, ಅದನ್ನು ‘ಕಳೆದುಕೊಂಡೆವು’ ಎಂಬ ಒಂದೇ ಪದದಲ್ಲಿ ಮುಗಿಸದೆ, ಆ ಹೊಲವನ್ನು ಉತ್ತ ಕುಟುಂಬದ ಮಾತನ್ನೂ ಸೇರಿಸಿ.

ಪ್ರಶ್ನೆ: ತೀರ್ಥಹಳ್ಳಿಯ ನಮ್ಮ ಹಿತ್ತಲಿನಲ್ಲಿ ದೇವರ ಬತ್ತಿಗಾಗಿ ಬೆಳೆಸಿದ ಎತ್ತರದ ಹತ್ತಿಗಿಡವಿದೆ. ಇದು ಹೊಲದ ಹತ್ತಿಯೇ ಅಥವಾ ಬೂರುಗವೇ?

ಉತ್ತರ: ಅದರ ಅರಳೆಯಿಂದ ಬತ್ತಿ ಹೊಸೆಯಲು, ಗೆಜ್ಜೆವಸ್ತ್ರ ಮಾಡಲು ಬರುತ್ತಿದ್ದರೆ ಅದು ಹತ್ತಿಯೇ; ಹಲವು ವರ್ಷ ಬದುಕುವ ಬಗೆ ಅಷ್ಟೆ. ಬೂರುಗ ಬೇರೆಯೇ ಕುಲದ ದೊಡ್ಡ ಮರ, ಅದರ ನುಣುಪಾದ ಎಳೆ ದಿಂಬಿಗೆ ತುಂಬಲು ಸರಿ, ನೂಲಲು ಬಾರದು. ಮಳೆ ನಿಂತ ಮೇಲೆ ಬಿರಿಯುವ ಕಾಯಿಗಳನ್ನಷ್ಟೇ ಬಿಡಿಸಿಕೊಳ್ಳುವುದರಿಂದ ಹಿತ್ತಲಿನ ಗಿಡ ನಿಮ್ಮ ಮಳೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಮಾರಾಟಕ್ಕೆಂದು ಅಲ್ಲಿ ಹತ್ತಿ ಬಿತ್ತುವ ಯೋಚನೆ ಬೇಡ.