ಏಜೆಂಟ್‌ಗಳ ನಡುವಿನ ಮಾತುಕತೆಯನ್ನು ಎಲ್ಲಿ ಬರೆಯಬೇಕು?

ನಿಮ್ಮ ಸಿಸ್ಟಮ್‌ನಲ್ಲಿ ಏಜೆಂಟ್‌ಗಳು (ತಾವಾಗಿಯೇ ನಿರ್ಧರಿಸಿ ಕೆಲಸ ಮಾಡುವ ಪ್ರೋಗ್ರಾಂಗಳು) ಮೂರಿದ್ದಾಗ ಎಲ್ಲ ಸರಿ ಇತ್ತು, ಜಾಸ್ತಿ ಆದ ಮೇಲೆ ಯಾವುದು ಯಾವುದಕ್ಕೆ ಏಕೆ ಮೆಸೇಜ್ ಕಳಿಸುತ್ತಿದೆ ಅಂತಲೇ ಗೊತ್ತಾಗುತ್ತಿಲ್ಲ ಅಂದಿದ್ದೀರಿ. ಪ್ರೋಟೋಕಾಲ್, ಅಂದರೆ ಅವುಗಳ ಮಾತುಕತೆಯ ನಿಯಮ, ಪ್ರತಿ ಏಜೆಂಟ್‌ನ ಇಫ್-ಎಲ್ಸ್‌ಗಳಲ್ಲಿ ಚೂರುಚೂರಾಗಿ ಹರಡಿಕೊಂಡಿದೆ, ಅದೇ ತೊಂದರೆ. ಅದನ್ನು ಹೊರಗೆ ತನ್ನಿ. ಯಾವ ಪಾತ್ರ, ಯಾವ ಮೆಸೇಜ್, ಅದಾದ ಮೇಲೆ ಏನೇನು ಬರಬಹುದು, ಎಷ್ಟು ಹೊತ್ತು ಕಾಯಬೇಕು, ಇಷ್ಟೂ ಒಂದೇ ಕಡೆ ಇರಲಿ. ಏಜೆಂಟ್ ಒಳಗೆ ನಿರ್ಧಾರ ಮಾತ್ರ ಉಳಿಯಲಿ.

ಉದಾಹರಣೆಗೆ, ಏಜೆಂಟ್‌ಗಳ ನಡುವೆ ಕೆಲಸ ಹಂಚುವ ಕಾಂಟ್ರಾಕ್ಟ್ ನೆಟ್ ಎಂಬ ಪ್ರೋಟೋಕಾಲ್ ನೋಡಿ. ರೀಡ್ ಸ್ಮಿತ್ 1980ರಲ್ಲಿ ಪ್ರಕಟಿಸಿದ್ದು, ಆಮೇಲೆ ಏಜೆಂಟ್‌ಗಳಿಗೆ ಸ್ಟ್ಯಾಂಡರ್ಡ್ ರೂಪಿಸುವ ಸಂಸ್ಥೆ ಫಿಪಾ (FIPA) ಅದಕ್ಕೆ ಸ್ಟ್ಯಾಂಡರ್ಡ್ ರೂಪ ಕೊಟ್ಟಿತು. ಮ್ಯಾನೇಜರ್ ಏಜೆಂಟ್ ಕೆಲಸ ಸಾರುತ್ತದೆ, ಮಾಡಬಲ್ಲವು ಬಿಡ್ ಹಾಕುತ್ತವೆ, ಮ್ಯಾನೇಜರ್ ಒಂದನ್ನು ಒಪ್ಪಿ ಉಳಿದವಕ್ಕೆ ಬೇಡ ಅನ್ನುತ್ತದೆ. ಸುಲಭ ಅಲ್ವಾ? ತೊಡಕು ಇರುವುದು ಬಿಡ್ ಹಾಕಿ ಒಪ್ಪಿಗೆಗೆ ಕಾಯುವ ಹೊತ್ತಿನಲ್ಲಿ. ಒಮ್ಮೆಗೆ ಒಂದೇ ಕೆಲಸ ಮಾಡುವಷ್ಟು ತಾಕತ್ತಿರುವ ಏಜೆಂಟ್ ಎರಡು ಕಡೆ ಬಿಡ್ ಹಾಕಿ, ಎರಡೂ ಕಡೆ ಒಪ್ಪಿಗೆ ಸಿಕ್ಕರೆ? ಬಿಡ್ ಹಾಕಿದ ಕೂಡಲೇ ತಾಕತ್ತನ್ನು ಮೀಸಲಿಟ್ಟರೆ, ಗೆಲ್ಲದ ಬಿಡ್‌ಗಳಿಗಾಗಿ ಅದು ಸುಮ್ನೆ ಖಾಲಿ ಕೂರುತ್ತದೆ. ಮೀಸಲಿಡದಿದ್ದರೆ ಒಪ್ಪಿಗೆ ಬಂದ ಮೇಲೆ ಆಗಲಿಲ್ಲ ಅಂತ ಫೇಲ್ಯೂರ್ ಮೆಸೇಜ್ ಕಳಿಸಬೇಕಾಗುತ್ತದೆ, ಅಷ್ಟರಲ್ಲಿ ಮ್ಯಾನೇಜರ್ ಬೇರೆಯವಕ್ಕೆಲ್ಲ ಬೇಡ ಅಂದು ಆಗಿರುತ್ತದೆ. ನನಗೆ ಹಿಡಿಸುವುದು ನಡುವಿನ ದಾರಿ: ಬಿಡ್ ಜೊತೆಗೇ ಅದು ಎಷ್ಟು ಹೊತ್ತು ಊರ್ಜಿತ ಅಂತ ಬರೆಯುವುದು, ಅಷ್ಟು ಹೊತ್ತು ಮಾತ್ರ ಮೀಸಲಿಡುವುದು. ನೀವು ಯಾವುದನ್ನೇ ಆರಿಸಿ, ಅದು ಪ್ರೋಟೋಕಾಲ್‌ನಲ್ಲೇ ಇರಬೇಕು. ಒಂದೊಂದು ಏಜೆಂಟ್ ಒಂದೊಂದು ಥರ ಅಂದುಕೊಂಡರೆ, ಲೋಡ್ ಏರಿದಾಗ ಮಾತ್ರ ಕಾಣುವ ಬಗ್ ಅದು, ಸಣ್ಣ ಟೆಸ್ಟ್‌ಗಳಿಗೆ ಸಿಗುವುದೇ ಕಷ್ಟ.

ಫಿಪಾದಲ್ಲಿ ನನಗೆ ಒಪ್ಪದ್ದೂ ಒಂದಿದೆ. ಮೆಸೇಜ್‌ನ ಅರ್ಥವನ್ನು ಅದು ಏಜೆಂಟ್‌ನ ನಂಬಿಕೆ, ಉದ್ದೇಶಗಳ ಮೇಲೆ ಕಟ್ಟಿದೆ. ಬೇರೆ ಯಾರೋ ಬರೆದ ಏಜೆಂಟ್ ಏನು ನಂಬಿದೆ ಅಂತ ಹೊರಗಿನಿಂದ ಹೇಗೆ ನೋಡುತ್ತೀರಿ? ಏಜೆಂಟ್ ಸಂಶೋಧಕ ಮುನೀಂದರ್ ಸಿಂಗ್ 1998ರಲ್ಲೇ ಈ ತಕರಾರು ತೆಗೆದಿದ್ದರು. ಅದರ ಬದಲು ಕಮಿಟ್‌ಮೆಂಟ್ ಇಟ್ಟುಕೊಳ್ಳಿ: ಯಾರು, ಯಾರಿಗೆ, ಏನು ಮಾಡಿಕೊಡಲು ಒಪ್ಪಿದ್ದಾರೆ. ಯಾರು ತಪ್ಪಿದರು ಅಂತ ಲಾಗ್ ನೋಡಿಯೇ ಹೇಳಬಹುದು. ಭಾಷಾ ಮಾಡೆಲ್ ಇಟ್ಟು ಕಟ್ಟಿದ ಈಗಿನ ಏಜೆಂಟ್‌ಗಳಿಗಂತೂ ಇದು ಇನ್ನೂ ಜಾಸ್ತಿ ಬೇಕು.

ಇನ್ನೊಂದು. ಕ್ಯೂ, ಕೌಂಟರ್, ಲಾಕ್‌ಗಳನ್ನೆಲ್ಲ ಏಜೆಂಟ್ ಮಾಡಲು ಹೋಗಬೇಡಿ, ಅವಕ್ಕೆ ಸ್ವಂತ ಗುರಿ ಇಲ್ಲ. ಏಜೆಂಟ್ ಸಿಸ್ಟಮ್ ಕಟ್ಟುವ ಜಾಕಾಮೋ (JaCaMo) ಫ್ರೇಮ್‌ವರ್ಕ್‌ನಲ್ಲಿ ಏಜೆಂಟ್‌ಗಳನ್ನು ಜೇಸನ್ (Jason) ಭಾಷೆಯಲ್ಲಿ, ಇಂಥವನ್ನು ಕಾರ್ಟಾಗೋ (CArtAgO) ಆರ್ಟಿಫ್ಯಾಕ್ಟ್‌ಗಳಾಗಿ, ಅಂದರೆ ಏಜೆಂಟ್‌ಗಳು ಬಳಸುವ ಸಲಕರಣೆಗಳಾಗಿ, ಬರೆಯುತ್ತಾರೆ. ಜಾವಾದಲ್ಲೇ ಇರಬೇಕು ಅಂದರೆ ಜೇಡ್ (JADE) ಎಂಬ ಏಜೆಂಟ್ ಫ್ರೇಮ್‌ವರ್ಕ್‌ನಲ್ಲಿ ಕಾಂಟ್ರಾಕ್ಟ್ ನೆಟ್‌ನ ಎರಡೂ ಬದಿಗೆ ಕ್ಲಾಸ್‌ಗಳು ಸಿದ್ಧವಾಗಿವೆ. ಯಾವುದನ್ನು ಬಳಸಿದರೂ ಪ್ರತಿ ಮೆಸೇಜ್‌ಗೆ ಸಂಭಾಷಣೆಯ ಐಡಿ ಮತ್ತು ಉತ್ತರದ ಗಡುವು ಹಾಕಿ. ಈ ಎರಡು ಇವತ್ತೇ ಸೇರಿಸಬಹುದು, ಉಳಿದದ್ದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ.