ಶನಿವಾರದ ಊಟದ ಪೋಸ್ಟರ್ ಹಾಕಿದವರಿಗೆ: ಮೊದಲು ಆ ವಿಳಾಸ ತೆಗೆಯಿರಿ

ನಿಮ್ಮ ಪೋಸ್ಟರ್ ನೋಡಿದೆ. ಟ್ರಾನ್ಸ್ ಬಳಗಕ್ಕೆ ಶನಿವಾರ ರಾತ್ರಿ ಎಂಟಕ್ಕೆ ಊಟ, 25 ಜನರಿಗೆ ಒಂದೇ ಉದ್ದನೆಯ ಟೇಬಲ್, ಬಳಗದ ಹೆಸರಿನಲ್ಲೇ ಬುಕಿಂಗ್. ಹೋಟೆಲಿನ ಹೆಸರು, ವಿಳಾಸ, ಮ್ಯಾಪ್ ಲಿಂಕ್ ಎಲ್ಲವೂ ಯಾರು ಬೇಕಾದರೂ ನೋಡುವಂತೆ ಬಹಿರಂಗವಾಗಿವೆ. ಕೆಳಗೆ ನಿಮ್ಮ ಪ್ರಶ್ನೆ: ಆಸಕ್ತಿ ತೋರಿಸಿದವರು ಬಹಳ ಮಂದಿ, ಖಂಡಿತ ಬರುತ್ತೇನೆ ಎಂದವರು ಬೆರಳೆಣಿಕೆಯಷ್ಟು, ಏಕೆ? ಅದಕ್ಕೆ ಇಲ್ಲಿ ಕೆಲವರು ‘ನಮ್ಮವರಿಗೆ ಬದ್ಧತೆ ಇಲ್ಲ’ ಎಂದು ಉತ್ತರಿಸಿದ್ದಾರೆ. ಅದು ಅನ್ಯಾಯದ ಮಾತು. ಬರುವ ಆಸೆ ಎಲ್ಲರಿಗೂ ಇದೆ. ಧೈರ್ಯ ಕುಗ್ಗಿಸಿದ್ದು ಪೋಸ್ಟರ್.

ನಮ್ಮ ಬಳಗ ಹೊಸದಾಗಿದ್ದಾಗ ಹೀಗೆಯೇ ಪೂರ್ತಿ ಹೆಸರು ಹೇಳಿ ಟೇಬಲ್ ಕಾದಿರಿಸಿದ್ದೆವು. ಹೋಟೆಲಿನವರು ಒಳ್ಳೆಯ ಮನಸ್ಸಿನಿಂದಲೇ ಬಾಗಿಲ ಬಳಿ ಸ್ವಾಗತದ ಹಲಗೆ ಇಟ್ಟರು. ಕಪ್ಪು ಹಲಗೆ, ಬಿಳಿ ಅಕ್ಷರ, ‘ಟ್ರಾನ್ಸ್‌ಜೆಂಡರ್’ ಎಂಬ ಪದ ಮಿಕ್ಕೆಲ್ಲಕ್ಕಿಂತ ದಪ್ಪ, ಮೂಲೆಯಲ್ಲಿ ಎರಡು ಬಲೂನು. ಒಳಗೆ ಕುಳಿತಿದ್ದ ನಮಗೆ ಅದು ಕಾಣಲಿಲ್ಲ. ಬರಬೇಕಾಗಿದ್ದ ಕೆಲವರು ರಸ್ತೆಯ ಆಚೆ ಬದಿಯಿಂದಲೇ ಅದನ್ನು ಓದಿ ಹಿಂದಿರುಗಿದರು. ಅವರಲ್ಲಿ ಒಬ್ಬರು ತಮಗೆ ಇಷ್ಟವಾದ ಬಟ್ಟೆ ತೊಟ್ಟು ಮನೆಯಿಂದ ಹೊರಬಿದ್ದದ್ದು ಅಂದೇ ಮೊದಲು. ಮತ್ತೆ ಎಷ್ಟು ಕರೆದರೂ ಅವರು ಬರಲಿಲ್ಲ.

ಆದ್ದರಿಂದ ಬುಕಿಂಗ್ ಸಂಘಟಕರೊಬ್ಬರ ಹೆಸರಿನಲ್ಲಿ ಇರಲಿ, ‘ಗೆಳೆಯರ ಊಟ’ ಎಂದರೆ ಸಾಕು. ಬಹಿರಂಗ ಪೋಸ್ಟಿನಲ್ಲಿ ದಿನ, ಹೊತ್ತು, ಊರಿನ ಯಾವ ಭಾಗ ಎಂಬುದಷ್ಟೇ ಇರಲಿ. ನೀವು ಮಾತನಾಡಿಸಿ ಖಚಿತಪಡಿಸಿಕೊಂಡವರಿಗೆ ಮಾತ್ರ ಹೋಟೆಲಿನ ಹೆಸರನ್ನು ಖಾಸಗಿಯಾಗಿ ಕಳುಹಿಸಿ. ತೀರಾ ಕೊನೆಯ ಗಳಿಗೆಯವರೆಗೆ ಗುಟ್ಟು ಮಾಡಲೂಬೇಡಿ. ಭಯ ಇರುವವರು ಹಿಂದಿನ ದಿನವೇ ಆ ಬೀದಿಯಲ್ಲಿ ಒಮ್ಮೆ ಸುತ್ತಿ ಬರಲು ಬಯಸುತ್ತಾರೆ. ಅದಕ್ಕೆ ಅವಕಾಶ ಬೇಕು.

ಈಗ ಮುಖ್ಯ ವಿಷಯ. ನಕ್ಷತ್ರಗಳ ಎಣಿಕೆ ನೋಡಿ ಹೋಟೆಲ್ ಆರಿಸಬೇಡಿ. ಆ ನಕ್ಷತ್ರಗಳು ರುಚಿಯ ಬಗ್ಗೆ ಹೇಳುತ್ತವೆ, ಅಲ್ಲಿ ನಮ್ಮನ್ನು ಹೇಗೆ ನೋಡುತ್ತಾರೆ ಎಂದು ಹೇಳುವುದಿಲ್ಲ. ನಾನು ಒಪ್ಪುವುದು ಒಂದೇ ಪರೀಕ್ಷೆಯನ್ನು: ಮುಂಚಿತವಾಗಿ ಹೋಗಿ, ಕುಳಿತು, ಊಟ ಮಾಡಿ ಬರುವುದು. ವಾರದ ಅದೇ ದಿನ, ಅದೇ ಹೊತ್ತು ಆಗಬೇಕು. ಮಂಗಳವಾರ ಮಧ್ಯಾಹ್ನ ಶಾಂತವಾಗಿದ್ದ ಜಾಗ ಶನಿವಾರ ರಾತ್ರಿ ಬೇರೆಯೇ ಆಗಿರುತ್ತದೆ, ಕೆಲಸದವರೂ ಬೇರೆ. ಇಬ್ಬರು ಹೋಗಿ, ಅವರಲ್ಲಿ ಒಬ್ಬರಾದರೂ ನೋಡಿದ ಕೂಡಲೇ ಟ್ರಾನ್ಸ್ ಎಂದು ಗುರುತು ಹಿಡಿಯುವಂಥವರಾಗಿರಲಿ. ಯಾರೂ ಗುರುತು ಹಿಡಿಯದವರು ಹೋಗಿ ‘ಎಲ್ಲ ಚೆನ್ನಾಗಿದೆ’ ಎಂದು ಬಂದರೆ ಆ ವರದಿಯಿಂದ ಏನೂ ತಿಳಿಯುವುದಿಲ್ಲ.

ಅಲ್ಲಿ ನೋಡಬೇಕಾದದ್ದು ಹಾದಿಯನ್ನು. ಬಾಗಿಲಿನಿಂದ ಟೇಬಲ್‌ಗೆ, ಟೇಬಲ್‌ನಿಂದ ಶೌಚಾಲಯಕ್ಕೆ ನಡೆದು ನೋಡಿ. ದಾರಿಯಲ್ಲಿ ಎಷ್ಟು ಟೇಬಲ್‌ಗಳ ನಡುವೆ ಹಾದುಹೋಗಬೇಕು, ಶೌಚಾಲಯದ ಮುಂದೆ ಸರತಿ ನಿಲ್ಲುತ್ತದೆಯೇ, ಒಬ್ಬರೇ ಹೋಗಿ ಚಿಲಕ ಹಾಕಿಕೊಳ್ಳುವ ಕೋಣೆ ಇದೆಯೇ ಎಂದು ಗಮನಿಸಿ. ಚಿಲಕವನ್ನು ಕೈಯಾರೆ ಹಾಕಿ ತೆಗೆದು ನೋಡಿ. ಗಂಡು ಹೆಣ್ಣು ಎಂಬ ಎರಡೇ ಬಾಗಿಲುಗಳಿದ್ದು ಎರಡೂ ಎಲ್ಲರ ಕಣ್ಣೆದುರಿಗೇ ಇದ್ದರೆ ಆ ಜಾಗ ಬಿಟ್ಟುಬಿಡಿ, ಊಟ ಎಷ್ಟೇ ರುಚಿಯಾಗಿರಲಿ. ಶೌಚಾಲಯಕ್ಕೆ ಹೋಗಲು ಹೆದರಿ ಸಂಜೆಯಿಡೀ ನೀರು ಕುಡಿಯದೆ ಕುಳಿತವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವು ನಗುನಗುತ್ತಾ ಉಣ್ಣುವುದು ಹೇಗೆ?

ಅದೇ ಭೇಟಿಯಲ್ಲಿ ಪಾಳಿಯ ಮೇಲ್ವಿಚಾರಕರೊಂದಿಗೆ ಮಾತನಾಡಿ. ಮಾಲೀಕರು ಒಪ್ಪಿದ ಮಾತು ಬಡಿಸುವವರ ಕಿವಿ ತಲುಪುವುದು ಅಪರೂಪ. ಭಾಷಣ ಬೇಡ, ಅವರಿಗೆ ಮೂರು ಮಾತು ಹೇಳಿದರೆ ಸಾಕು. ಯಾರನ್ನೂ ‘ಸರ್’, ‘ಮೇಡಂ’ ಎಂದು ಕರೆಯದೆ ‘ನೀವು’ ಎಂದು ಮಾತನಾಡಿಸಿ. ಬಿಲ್‌ಗಳನ್ನೆಲ್ಲ ಸಂಘಟಕರ ಕೈಗೇ ಕೊಡಿ. ಕಾರ್ಡಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ ಕೂಗಬೇಡಿ. ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ತಾನು ಬಿಟ್ಟುಬಂದ ಹೆಸರನ್ನು ತುಂಬಿದ ಸಭಾಂಗಣದಲ್ಲಿ ಅಪರಿಚಿತರ ಬಾಯಲ್ಲಿ ಕೇಳುವುದು ಎಂಥ ಸಂಕಟ ಎಂದು ಈ ಗುಂಪಿನಲ್ಲಿ ವಿವರಿಸಬೇಕಾಗಿಲ್ಲ. ಇದನ್ನೆಲ್ಲ ಕೇಳುವಾಗ ಮೇಲ್ವಿಚಾರಕರ ಮುಖ ಗಂಟಾದರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಾಂಪ್ಟನ್ಸ್ ಕೆಫೆಟೇರಿಯಾದಲ್ಲಿ ಟ್ರಾನ್ಸ್ ಮಹಿಳೆಯರು ಪೊಲೀಸರ ವಿರುದ್ಧ ತಿರುಗಿಬಿದ್ದರಲ್ಲ, ಅಲ್ಲಿ ಪೊಲೀಸರನ್ನು ಕರೆಸುತ್ತಿದ್ದುದು ಸಿಬ್ಬಂದಿಯೇ. ಊಟದ ಜಾಗದ ಸಿಬ್ಬಂದಿ ಯಾರ ಪರ ಎಂಬುದು ಇಂದಿಗೂ ಅಷ್ಟೇ ದೊಡ್ಡ ಪ್ರಶ್ನೆ.

ಗದ್ದಲವನ್ನೂ ಅಳೆಯಿರಿ. ಧ್ವನಿ ತರಬೇತಿ ಮಾಡಿಕೊಳ್ಳುತ್ತಿರುವವರು ಸಂಗೀತದ ಮೇಲೆ ಕೂಗಿ ಮಾತನಾಡಬೇಕಾಗಿ ಬಂದರೆ ಗಂಟಲು ಹಳೆಯ ದನಿಗೇ ಜಾರುತ್ತದೆ. ಅದು ಗೊತ್ತಾದ ಕೂಡಲೇ ಅವರು ಮಾತು ನಿಲ್ಲಿಸಿಬಿಡುತ್ತಾರೆ. ಸ್ಪೀಕರ್‌ನಿಂದ ದೂರದ ಟೇಬಲ್ ಕೇಳಿ. ನೆತ್ತಿಯ ಮೇಲಿನ ಬಿಳಿ ದೀಪದ ಕೆಳಗೆ ಬೇಡ, ಆ ಬೆಳಕು ಗಡ್ಡದ ನೆರಳನ್ನು ಮೇಕಪ್ ದಾಟಿ ಎತ್ತಿ ತೋರಿಸುತ್ತದೆ. 25 ಜನರಿಗೆ ಒಂದೇ ಉದ್ದ ಟೇಬಲ್ ಎಂಬುದನ್ನು ಕೈಬಿಟ್ಟು ಆರು, ಎಂಟು ಜನರ ಟೇಬಲ್‌ಗಳಾಗಿ ಒಡೆಯಿರಿ. ಉದ್ದ ಟೇಬಲ್‌ನಲ್ಲಿ ಎರಡು ತುದಿಯವರಿಗೆ ಪರಿಚಯವೇ ಆಗುವುದಿಲ್ಲ, ಇಡೀ ಹೋಟೆಲ್ ತಿರುಗಿ ನೋಡುತ್ತದೆ. ಹೊಸಬರನ್ನು ಗೋಡೆಯ ಮೂಲೆಗೆ ಸಿಕ್ಕಿಸದೆ, ಯಾರನ್ನೂ ಎಬ್ಬಿಸದೆ ಎದ್ದು ಹೋಗಬಹುದಾದ ಕುರ್ಚಿಯಲ್ಲಿ ಕೂರಿಸಿ. ಎದ್ದು ಹೋಗಬಹುದು ಎಂದು ಗೊತ್ತಿದ್ದರೆ ಕೊನೆಯವರೆಗೂ ಕೂರುತ್ತಾರೆ.

ಬಟ್ಟೆ ಬದಲಿಸುವ ಜಾಗದ ಬಗ್ಗೆ ಪೋಸ್ಟರಿನಲ್ಲಿ ಒಂದಕ್ಷರ ಇಲ್ಲ. ನಮ್ಮಲ್ಲಿ ಅನೇಕರು ಮನೆಯಿಂದ ತಾವು ಬಯಸಿದ ರೂಪದಲ್ಲಿ ಹೊರಡಲಾರರು. ಹತ್ತಿರದ ಸದಸ್ಯರೊಬ್ಬರ ಮನೆ ಅಥವಾ ಬಾಡಿಗೆಗೆ ಹಿಡಿದ ಒಂದು ಕೋಣೆ ಬೇಕು, ಊಟಕ್ಕೆ ಒಂದೂವರೆ ಗಂಟೆ ಮೊದಲೇ ತೆರೆದಿರಬೇಕು, ಊಟದ ನಂತರವೂ ಒಂದು ಗಂಟೆ ತೆರೆದಿರಬೇಕು. ಬರುವಾಗಿನ ವ್ಯವಸ್ಥೆ ಮಾಡಿ ಹೋಗುವಾಗಿನದನ್ನು ಮರೆತರೆ, ಮೇಕಪ್ ಒರೆಸಿಕೊಳ್ಳಲು ಜಾಗವಿಲ್ಲದೆ ಯಾರೋ ಬಸ್ ನಿಲ್ದಾಣದ ಕತ್ತಲಲ್ಲಿ ನಿಲ್ಲಬೇಕಾಗುತ್ತದೆ. ಆ ಕೋಣೆಯಲ್ಲಿ ದೊಡ್ಡ ಕನ್ನಡಿ, ಒಳ್ಳೆಯ ಬೆಳಕು, ಮೇಕಪ್ ತೆಗೆಯುವ ಎಣ್ಣೆ, ಹತ್ತಿ, ಸೇಫ್ಟಿ ಪಿನ್, ಸ್ಯಾನಿಟರಿ ಪ್ಯಾಡ್ ಇರಲಿ. ಪ್ಯಾಡ್‌ಗಳನ್ನು ಕೇಳದೆ ತೆಗೆದುಕೊಳ್ಳುವಂತೆ ಇಡಿ, ಹುಟ್ಟಿದಾಗ ಹೆಣ್ಣೆಂದು ದಾಖಲಾದ ಟ್ರಾನ್ಸ್ ಪುರುಷರಿಗೂ ಅವು ಬೇಕಾಗಬಹುದು, ಕೇಳಲು ಸಂಕೋಚಪಡುತ್ತಾರೆ.

ಆ್ಯಪ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಗುಂಪು ಮಾಡಿದರೆ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಸಿಗುತ್ತದೆ. ಆ ನಂಬರನ್ನು ಟ್ರೂಕಾಲರ್‌ನಲ್ಲಿ ಹಾಕಿದರೆ ಇತರರು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರುವ ಹಳೆಯ ಹೆಸರು ಬಂದು ಕೂರಬಹುದು. ಸಿಗ್ನಲ್ ಎಂಬ ಸಂದೇಶದ ಆ್ಯಪ್‌ನಲ್ಲಿ 2024ರಿಂದ ಬಳಕೆದಾರ ಹೆಸರಿನ ಸೌಲಭ್ಯ ಬಂದಿದೆ, ನಂಬರ್ ಕೊಡದೆ ಮಾತನಾಡಬಹುದು, ನಾನು ಹೇಳುವುದು ಅದನ್ನೇ. ವಾಟ್ಸ್ಆ್ಯಪ್ ಬಿಡಲಾಗದು ಎನ್ನುವವರು ಕಮ್ಯುನಿಟಿ ಮಾಡಿ ಪ್ರಕಟಣೆಯ ಗುಂಪನ್ನು ಮಾತ್ರ ಬಳಸಿ, ಅಲ್ಲಿ ಸದಸ್ಯರ ನಂಬರ್ ಇತರ ಸದಸ್ಯರಿಗೆ ಕಾಣುವುದಿಲ್ಲ. ಗೂಗಲ್ ಕ್ಯಾಲೆಂಡರ್ ಆಹ್ವಾನ ಕಳುಹಿಸುವ ಅಭ್ಯಾಸ ಇದ್ದರೆ ಅತಿಥಿಗಳ ಪಟ್ಟಿ ಕಾಣುವ ಆಯ್ಕೆಯ ಗುರುತು ತೆಗೆಯಿರಿ. ಇನ್ನೂ ಒಳ್ಳೆಯದೆಂದರೆ ಕ್ಯಾಲೆಂಡರ್ ಆಹ್ವಾನವನ್ನೇ ಬಿಡುವುದು. ಮನೆಯವರು ಹಂಚಿಕೊಂಡ ಕ್ಯಾಲೆಂಡರಿನಲ್ಲಿ ಅದು ಹೋಗಿ ಬಿದ್ದರೆ ಏನಾದೀತು ಯೋಚಿಸಿ.

ಹಣಕ್ಕೂ ಇದೇ ಎಚ್ಚರ. ಬ್ಯಾಂಕಿಗೆ ಜೋಡಿಸಿದ ಆ್ಯಪ್‌ಗಳಲ್ಲಿ ದಾಖಲೆಯ ಹೆಸರು ಬರುವುದು ಸಾಮಾನ್ಯ. ಹಣ ಒಬ್ಬರಿಗೇ ಬರಲಿ, ಅವರ ಬಾಯಿ ಬಿಗಿಯಾಗಿರಲಿ. ‘ಇವರಿಂದ ಬಂದಿದೆ, ಇವರಿಂದ ಬಂದಿಲ್ಲ’ ಎಂದು ಸ್ಕ್ರೀನ್‌ಶಾಟ್ ಹಾಕುವವರನ್ನು ಆ ಕೆಲಸದಿಂದ ಅಂದೇ ಬಿಡಿಸಿ. ಕೊನೆಯಲ್ಲಿ ಬಿಲ್ಲನ್ನು ಸಮನಾಗಿ ಹಂಚುವುದು ಕೆಲಸ ಕಳೆದುಕೊಂಡವರಿಗೆ, ಚಿಕಿತ್ಸೆಗೆ ಹಣ ಕೂಡಿಡುತ್ತಿರುವವರಿಗೆ ಹೊರೆ. ತಾನು ತಿಂದದ್ದಕ್ಕೆ ತಾನು ಕೊಡುವ ಪದ್ಧತಿಯೇ ಸರಿ, ಪ್ರತ್ಯೇಕ ಬಿಲ್ ಬೇಕೆಂದು ಮೊದಲೇ ಹೇಳಿಡಿ. ಕೊನೆ ಗಳಿಗೆಯಲ್ಲಿ ಬಾರದವರ ಮೇಲೆ ದಂಡ ಹಾಕುವ ಸಲಹೆಯೊಂದು ಮೇಲೆ ಕಂಡೆ. ದಯವಿಟ್ಟು ಹಾಗೆ ಮಾಡಬೇಡಿ. ಕನ್ನಡಿಯ ಮುಂದೆ ಎರಡು ಗಂಟೆ ಕಳೆದು ಬಾಗಿಲ ಚಿಲಕ ತೆಗೆಯಲಾರದೆ ಕುಳಿತವರಿಗೆ ‘ಪರವಾಗಿಲ್ಲ, ಮುಂದಿನ ಸಲ ಬನ್ನಿ’ ಎಂಬ ಒಂದು ಸಂದೇಶ ಸಾಕು. ಮುಂಗಡ ಕೇಳದ ಹೋಟೆಲ್ ಹುಡುಕಿದರೆ ಈ ಜಗಳವೇ ಇರುವುದಿಲ್ಲ.

ಮೊದಲ ಬಾರಿ ಬರುವವರನ್ನು ಹೋಟೆಲಿಗೆ ನೇರವಾಗಿ ಕರೆಯಬೇಡಿ. ಹತ್ತಿರದ ಬೇರೊಂದು ಸುಲಭದ ಜಾಗದಲ್ಲಿ ಅರ್ಧ ಗಂಟೆ ಮೊದಲು ನಮ್ಮವರೊಬ್ಬರು ಕಾಯಲಿ. ಕಾಯುವವರು ತಮ್ಮ ಫೋಟೊ ಕಳುಹಿಸಲಿ, ಹೊಸಬರ ಫೋಟೊ ಕೇಳುವುದು ಬೇಡ. ಯಾವ ಹೆಸರಿನಿಂದ ಕರೆಯಬೇಕು, ಸಿಬ್ಬಂದಿಯ ಎದುರಿಗೂ ಅದೇ ಹೆಸರೇ ಎಂದು ಆಗಲೇ ಕೇಳಿಕೊಳ್ಳಿ. ಊಟದ ನಡುವೆ ‘ಆಪರೇಷನ್ ಆಯಿತೇ?’ ಎಂದು ಕೇಳುವ ಹಳಬರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ, ಅವರಿಗೆ ಮೊದಲೇ ಬುದ್ಧಿ ಹೇಳಿ. ಕುತೂಹಲಕ್ಕೆ ನೋಡಲು ಬರುವ ಹೊರಗಿನವರಿಗೆ ಜಾಗವೇ ಇಲ್ಲ. ಸಂಗಾತಿ, ಅಪ್ಪ, ಅಮ್ಮ, ಒಡಹುಟ್ಟಿದವರು ಬರಬಹುದು, ಮುಂಚೆ ತಿಳಿಸಿರಬೇಕು.

ಫೋಟೊ ಬಗ್ಗೆ ನಾನು ಕಟ್ಟುನಿಟ್ಟು: ಊಟದ ಟೇಬಲ್‌ನಲ್ಲಿ ಕ್ಯಾಮೆರಾ ಇಲ್ಲ. ಬೇಕಾದವರು ಊಟ ಮುಗಿದ ಮೇಲೆ ಒಂದು ಕಡೆ ನಿಂತು ತೆಗೆಸಿಕೊಳ್ಳಲಿ, ಹಿನ್ನೆಲೆಯಲ್ಲಿ ಇನ್ನೊಬ್ಬರ ಮುಖವಿಲ್ಲವೆಂದು ನೋಡಿಕೊಳ್ಳಲಿ. ‘ನಮ್ಮೊಳಗೇ ಇರುತ್ತದೆ’ ಎಂಬ ಮಾತನ್ನು ನಾನು ನಂಬುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಕಾಸಾ ಸುಸಾನಾ ಎಂಬ ತಂಗುದಾಣವಿತ್ತು. 1950–60ರ ದಶಕಗಳಲ್ಲಿ ನಮ್ಮಂಥವರು ವಾರಾಂತ್ಯಕ್ಕೆ ಅಲ್ಲಿ ಗುಟ್ಟಾಗಿ ಸೇರಿ, ಪರಸ್ಪರ ಫೋಟೊ ತೆಗೆದುಕೊಂಡು, ನಂಬಿಕೆಯ ಮೇಲೆ ಹಂಚಿಕೊಂಡಿದ್ದರು. ದಶಕಗಳ ನಂತರ ಆ ಫೋಟೊಗಳ ಒಂದು ಕಟ್ಟು ಹಳೆಯ ಸಾಮಾನಿನ ಸಂತೆಯಲ್ಲಿ ಸಿಕ್ಕಿ 2005ರಲ್ಲಿ ಪುಸ್ತಕವಾಯಿತು. ಇಂದು ನಮಗೆ ಅವು ಅಮೂಲ್ಯ ಚರಿತ್ರೆ, ನಿಜ. ಆದರೆ ಅಂದು ಕಾಗದದ ಮೇಲಿದ್ದವೇ ಅಷ್ಟು ದೂರ ಹೋದವು, ಮೊಬೈಲಿನಲ್ಲಿರುವುದು ಸಂಜೆಯೊಳಗೆ ಹೋಗುತ್ತದೆ.

ದಿನ ಆರಿಸುವಾಗ ನವೆಂಬರ್ 20 ತಪ್ಪಿಸಿ. 1999ರಿಂದ ಅದು ಕೊಲೆಯಾದ ನಮ್ಮವರನ್ನು ನೆನೆಯುವ ದಿನ, ಮೋಜಿನ ಊಟಕ್ಕೆ ಸಲ್ಲದು. ಮಾರ್ಚ್ 31, ಅಂದರೆ 2009ರಲ್ಲಿ ಶುರುವಾದ ಟ್ರಾನ್ಸ್ ಗೋಚರತೆಯ ದಿನ, ಸಂಭ್ರಮಕ್ಕೆ ಚೆನ್ನ. ಆದರೆ ಆ ದಿನದ ಹೆಸರು ಹೇಳಿ ಯಾರನ್ನೂ ಬಲವಂತವಾಗಿ ಮುಂದೆ ತಳ್ಳಬೇಡಿ.

ಊಟದ ನಂತರ ಮುಂದಿನ ತಿಂಗಳು ಬೆಟ್ಟಕ್ಕೆ ಪ್ರವಾಸ ಎಂದೂ ಬರೆದಿದ್ದೀರಿ. ಅದರ ಬಗ್ಗೆ ಕೆಲವು ಮಾತು. ಎದೆಯನ್ನು ಚಪ್ಪಟೆಯಾಗಿ ಕಾಣಿಸುವ ಬಿಗಿ ಒಳಉಡುಪಾದ ಬೈಂಡರ್ ತೊಡುವವರಿಗೆ ಎಂಟು ಗಂಟೆ ಮಿತಿ ಎಂಬುದು ಸಾಮಾನ್ಯವಾಗಿ ಹೇಳುವ ಎಚ್ಚರಿಕೆ, ಬಿಗಿಯಾದ ಬೈಂಡರ್ ತೊಟ್ಟು ಏರು ಹತ್ತುವುದು ಅಪಾಯ. ಪ್ರಯಾಣದ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ, ನಡುವೆ ಕಳಚಿ ಸ್ಪೋರ್ಟ್ಸ್ ಬ್ರಾಗೆ ಬದಲಿಸಲು ಮರೆಯಾದ ಜಾಗ ಮತ್ತು ಬಿಡುವು ಕೊಡಿ. ಟೇಪನ್ನು ಎದೆಯ ಸುತ್ತ ಸುತ್ತಿಕೊಂಡು ಬರುವವರಿದ್ದರೆ ತಡೆಯಿರಿ. ಗಂಡು ಹಾರ್ಮೋನಿನ ಪರಿಣಾಮ ತಗ್ಗಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ಮೂತ್ರ ಹೆಚ್ಚು, ಬಾಯಾರಿಕೆ ಹೆಚ್ಚು, ಆದ್ದರಿಂದ ಶೌಚಾಲಯವಿಲ್ಲದ ದಾರಿ ಅವರಿಗೆ ಶಿಕ್ಷೆ. ಹೆಣ್ಣು ಹಾರ್ಮೋನ್ ಆದ ಈಸ್ಟ್ರೊಜೆನ್ ಮಾತ್ರೆ ನುಂಗುವವರಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸ್ವಲ್ಪ ಹೆಚ್ಚು, ದೀರ್ಘ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ವಾಹನ ನಿಲ್ಲಿಸಿ ಎಲ್ಲರೂ ಇಳಿದು ಓಡಾಡಲಿ. ಮುಖದ ಕೂದಲು ತೆಗೆಯಲು ಲೇಸರ್ ಮಾಡಿಸಿಕೊಂಡ ಬೆನ್ನಲ್ಲೇ ಬಿಸಿಲು ತಾಗಬಾರದು, ದಿನಾಂಕವನ್ನು ತಿಂಗಳು ಮೊದಲೇ ಹೇಳಿದರೆ ಅವರು ಹೊಂದಿಸಿಕೊಳ್ಳುತ್ತಾರೆ. ಔಷಧಿಯ ವಿಷಯದಲ್ಲಿ ವೈದ್ಯರ ಮಾತೇ ಅಂತಿಮ, ನಾನು ಹೇಳುತ್ತಿರುವುದು ಪ್ರವಾಸದ ಹೊಂದಾಣಿಕೆಯನ್ನು ಮಾತ್ರ.

ರಾತ್ರಿ ತಂಗುವುದಾದರೆ ವಸತಿಗೃಹದವರು ಎಲ್ಲರ ಗುರುತಿನ ಚೀಟಿ ಕೇಳುತ್ತಾರೆಯೇ, ಚೀಟಿಯ ಹೆಸರಿಗೂ ಮುಖಕ್ಕೂ ಹೊಂದದಿದ್ದರೆ ತಕರಾರು ಮಾಡುತ್ತಾರೆಯೇ ಎಂದು ಫೋನ್ ಮಾಡಿ ಮೊದಲೇ ಕೇಳಿ. ಚೀಟಿಗಳನ್ನು ಒಬ್ಬರೇ ಒಯ್ದು ಪ್ರತ್ಯೇಕವಾಗಿ ತೋರಿಸುವಂತಿದ್ದರೆ ಒಳ್ಳೆಯದು, ಸಾಲಿನಲ್ಲಿ ನಿಲ್ಲಿಸಿ ಹೆಸರು ಕೂಗಿಸಬೇಡಿ. ಕೋಣೆಗಳನ್ನು ಗಂಡು ಹೆಣ್ಣು ಎಂದು ಭಾಗಮಾಡಬೇಡಿ, ಯಾರ ಜೊತೆ ಎಂಬುದನ್ನು ಅವರವರೇ ಹೇಳಲಿ. ಒಂಟಿ ಕೋಣೆ ಬೇಕೆಂದವರಿಗೆ ಕಾರಣ ಕೇಳಬೇಡಿ. ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ ಹಲವು ಬಾರಿ ಡೈಲೇಷನ್ (ಹೊಸದಾಗಿ ರೂಪಿಸಿದ ಯೋನಿ ಕಿರಿದಾಗದಂತೆ ಉಪಕರಣದಿಂದ ಹಿಗ್ಗಿಸುವುದು) ಮಾಡಬೇಕಾದವರು ಅದನ್ನು ಹೊಸ ಪರಿಚಯದವರ ಮುಂದೆ ಹೇಳಲಾರರು. ಒಂಟಿ ಕೋಣೆಗೆ ಹೆಚ್ಚುವರಿ ಹಣ ಎಷ್ಟು ಎಂದು ಮೊದಲ ಪ್ರಕಟಣೆಯಲ್ಲೇ ಬರೆದರೆ, ಅವರು ಸುಮ್ಮನೆ ಆ ಸಾಲಿನ ಮುಂದೆ ತಮ್ಮ ಹೆಸರು ಹಾಕುತ್ತಾರೆ.